ಹಳೇ ಕಂಪ್ಯೂಟರಿನಲ್ಲಿ ಸಿಕ್ಕಿಬಿದ್ದ ಆನೆ

"ಲೈಟ್ ಬಂತಾ?"

"ಇಲ್ಲ."

"ಸರಿಯಾಗಿ ನೋಡೇ."

"ಕಣ್ಣು ಕಿತ್ತು ಹೊರಗೆ ಬರೋ ಹಾಗೆ ನೋಡ್ತಿದೀನಿ. ಇಲ್ಲ ಅಂದ್ರೆ ಇಲ್ಲ."

ಚಿಟಿಕೆ ಮೇಜಿನ ಕೆಳಗೆ ಮಕಾಡೆ ಮಲಗಿದ್ದಳು. ಕೆನ್ನೆ ತಣ್ಣನೆಯ ನೆಲಕ್ಕೆ ಅಂಟಿತ್ತು. ಮೂಗಿನಿಂದ ಒಂದು ಗೇಣು ಆಚೆ ಹಳೇ ಕಂಪ್ಯೂಟರಿನ ಬೆನ್ನು. ಆ ಬೆನ್ನಿನಲ್ಲಿ ದೂಳು ಕೂತ ಒಂದು ಚೌಕ ಕಿಂಡಿ, ಕಿಂಡಿಯೊಳಗೆ ಈಗಷ್ಟೇ ಸಿಕ್ಕಿಸಿದ ನೀಲಿ ಕೇಬಲ್. ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಪುಟ್ಟ ದೀಪ. ಅದು ಹಸಿರಾಗಿ ಹೊಳೆಯಬೇಕಿತ್ತು. ಅದೋ, ಸತ್ತ ಮೀನಿನ ಕಣ್ಣಿನ ಹಾಗೆ ಸುಮ್ಮನೆ ಬಿದ್ದಿತ್ತು.

ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಹುಟ್ಟಿದಾಗ ತೀರಾ ಸಣ್ಣಗಿದ್ದಳಂತೆ. "ಇದೇನಿದು, ಒಂದು ಚಿಟಿಕೆಯಷ್ಟಿದೆ!" ಎಂದಿದ್ದಳಂತೆ ಅಜ್ಜಿ. ಹತ್ತು ವರ್ಷ ಕಳೆದರೂ ಆ ಹೆಸರು ಬಿಟ್ಟು ಹೋಗಿಲ್ಲ.

ಬಾಗಿಲ ಬಳಿ ನಿಂತು ಲೈಟ್ ಬಂತಾ ಎಂದು ಕೇಳುತ್ತಿದ್ದವಳು ಅಕ್ಕ. ಅವಳಿಗೆ ಹದಿನಾಲ್ಕು. ಇಬ್ಬರೂ ಪಿಸುದನಿಯಲ್ಲೇ ಮಾತಾಡುತ್ತಿದ್ದರು. ಯಾಕೆಂದರೆ ನಡುವಿನ ಕೋಣೆಯಲ್ಲಿ ಅಮ್ಮ ಮಲಗಿದ್ದಳು. ಅಮ್ಮನ ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ, ರಾತ್ರಿ ಪಾಳಿ. ಊರೆಲ್ಲ ಎದ್ದಾಗ ಅವಳು ಮಲಗುತ್ತಾಳೆ, ಸಂಜೆ ನಾಲ್ಕೂವರೆಗೆ ಏಳುತ್ತಾಳೆ. ಅಲ್ಲಿಯವರೆಗೆ ಈ ಮನೆಯಲ್ಲಿ ಯಾರೂ ಕೂಗುವ ಹಾಗಿಲ್ಲ. ಈ ಕಾನೂನು ಕುಕ್ಕರಿಗೂ ಅನ್ವಯ.

ಕೇಬಲ್ ಹದಿನೈದು ಮೀಟರ್ ಉದ್ದವಿತ್ತು. ಅದರ ಒಂದು ತುದಿ ಮುಂದಿನ ಕೋಣೆಯ ಹೊಸ ಕಂಪ್ಯೂಟರಿನಲ್ಲಿ. ಅಲ್ಲಿಂದ ಉದ್ದನೆಯ ಓಣಿಯಂಥ ಪಡಸಾಲೆಯ ಗೋಡೆ ಹಿಡಿದು, ಅಮ್ಮನ ಬಾಗಿಲು ದಾಟಿ, ಅಜ್ಜಿಯ ಕುರ್ಚಿಯ ಕೆಳಗೆ ನುಸುಳಿ, ಇಲ್ಲಿ ಹಿಂದಿನ ಕೋಣೆಗೆ ಬಂದು ಮುಟ್ಟಿತ್ತು. ಇಷ್ಟು ದೂರ ಬಂದದ್ದು ಒಂದು ಆನೆಗೋಸ್ಕರ.

ಹೌದು, ಆನೆಗೋಸ್ಕರವೇ. ಹಳೇ ಕಂಪ್ಯೂಟರಿನೊಳಗೆ ಒಂದು ಆನೆ ಸಿಕ್ಕಿಬಿದ್ದಿತ್ತು.

ಅದು ಅಜ್ಜಿಯ ಕತೆಯ ಆನೆ. ಟಿಕೆಟ್ ತೆಗೆದುಕೊಳ್ಳದೆ ರೈಲು ಹತ್ತಿದ ಆನೆ. ಚಿಟಿಕೆಗೆ ಮೂರು ವರ್ಷವಿದ್ದಾಗ ಅಜ್ಜಿ ದಿನಕ್ಕೊಂದು ಕತೆ ಹೇಳುತ್ತಿದ್ದಳು, ಅಮ್ಮ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ರೆಕಾರ್ಡ್ ಮಾಡುತ್ತಿದ್ದಳು. ಟಿಕೆಟ್ ಮಾಮ ರೈಲು ಡಬ್ಬಿಯೊಳಗೆ ಬಂದ ಕೂಡಲೇ ಆನೆ ನ್ಯೂಸ್‌ಪೇಪರ್ ಅಗಲಿಸಿ ಮುಖ ಮುಚ್ಚಿಕೊಂಡಿತು. ಅಷ್ಟು ಚಿಟಿಕೆಗೆ ಚೆನ್ನಾಗಿ ನೆನಪಿತ್ತು. ಆಮೇಲೆ? ಟಿಕೆಟ್ ಮಾಮ ಆನೆಯನ್ನು ನೋಡಿದನಾ ಇಲ್ಲವಾ? ಅದು ಅವಳಿಗೂ ನೆನಪಿರಲಿಲ್ಲ, ಅಕ್ಕನಿಗೂ ನೆನಪಿರಲಿಲ್ಲ. ಪೇಪರಿನ ಹಿಂದಿನಿಂದ ಎರಡು ದೊಡ್ಡ ಕಿವಿ ಕಾಣಿಸುತ್ತಲೇ ಇದ್ದಿರಬೇಕು ಎಂದು ಯೋಚಿಸುತ್ತಾ ಚಿಟಿಕೆ ಎಷ್ಟೋ ಸಲ ಗಣಿತದ ಕ್ಲಾಸನ್ನು ಕಳೆದುಕೊಂಡಿದ್ದಳು.

ಅಜ್ಜಿಯನ್ನು ಕೇಳಿದರೆ ಅಜ್ಜಿ ಕೈ ತಿರುಗಿಸುತ್ತಿದ್ದಳು. "ನಾನೇನು ಕತೆ ಬರೆದಿಟ್ಟುಕೊಂಡು ಹೇಳ್ತಿದ್ನಾ? ಬಾಯಿಗೆ ಬಂದಿದ್ದು, ಗಾಳಿಗೆ ಹೋಗಿದ್ದು. ಆ ಕಂಪ್ಯೂಟರ್ ಡಬ್ಬಾನೇ ಕೇಳು ಹೋಗು."

ಅಜ್ಜಿ ಇದನ್ನೂ ಪಿಸುಗುಟ್ಟಿಯೇ ಹೇಳುತ್ತಿದ್ದಳು. ಅಮ್ಮ ಮಲಗಿದ್ದಾಳೆಂದಲ್ಲ. ಅಜ್ಜಿಗೆ ಇದ್ದದ್ದೇ ಅಷ್ಟು ದನಿ. ಅಜ್ಜಿ ಮೂವತ್ತೊಂದು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸ್ ಮಾಡುತ್ತಿದ್ದವಳು. ಅವಳು ಮೈಕಿನ ಮುಂದೆ "ಪ್ರಯಾಣಿಕರ ಗಮನಕ್ಕೆ" ಎಂದರೆ ಅಳುವ ಮಕ್ಕಳೂ ಬಾಯಿ ಮುಚ್ಚುತ್ತಿದ್ದವಂತೆ. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯಿತು. ಈಗ ಅಜ್ಜಿ ಮಾತಾಡಿದರೆ ಒಣಗಿದ ಎಲೆಯ ಮೇಲೆ ಇರುವೆ ನಡೆದಷ್ಟು ಸದ್ದು. ಯಾರನ್ನಾದರೂ ಕರೆಯಬೇಕಾದರೆ ಲೋಟಕ್ಕೆ ಚಮಚದಿಂದ ಬಡಿಯುತ್ತಾಳೆ. ಒಂದು ಬಡಿತಕ್ಕೆ ಅಕ್ಕ, ಎರಡಕ್ಕೆ ಚಿಟಿಕೆ, ಮೂರು ಬಡಿದರೆ ಇದ್ದವರೆಲ್ಲ ಬರಬೇಕು.

ನಿನ್ನೆ ಅಮ್ಮ ಹೇಳಿದ್ದಳು: "ಹಿಂದಿನ ಕೋಣೆ ಖಾಲಿ ಮಾಡಿ ಅಲ್ಲಿ ನನ್ನ ಮಂಚ ಹಾಕ್ತೀನಿ. ಅಲ್ಲಿ ರಸ್ತೆ ಸದ್ದಿಲ್ಲ. ನಾಳೆ ಐದು ಗಂಟೆಗೆ ಮೆಕ್ಯಾನಿಕ್ ಬಂದು ಆ ಹಳೇ ಕಂಪ್ಯೂಟರ್ ತಗೊಂಡು ಹೋಗ್ತಾನೆ, ಬಿಚ್ಚಿ ಪಾರ್ಟ್ಸ್‌ಗೆ ಇಟ್ಕೊಳ್ತಾನಂತೆ. ಬೇಕಾಗಿದ್ದು ಏನಾದ್ರೂ ಇದ್ರೆ ನೋಡ್ಕೊಳ್ಳಿ."

ನೋಡಿದರೆ, ಇತ್ತು! 'ಅಜ್ಜಿ ಕತೆ' ಎನ್ನುವ ಫೋಲ್ಡರ್. ಒಳಗೆ ಮೂವತ್ತೆಂಟು ಫೈಲು. ಇಪ್ಪತ್ತೊಂದನೆಯದು 'ಆನೆ'. ಆದರೆ ಕೇಳೋಣವೆಂದರೆ ಸ್ಪೀಕರ್ ಸತ್ತು ಯಾವ ಕಾಲವಾಯಿತೋ. ಸಿಡಿ ತಟ್ಟೆ ಹೊರಗೆ ಬರುವುದೇ ಇಲ್ಲ. ಇಂಟರ್‌ನೆಟ್ ಇಲ್ಲ. ಪೆನ್‌ಡ್ರೈವ್ ಹಾಕುವ ಕಿಂಡಿ ಎರಡಿದ್ದವು. ಒಂದು ಮೊದಲೇ ಮುರಿದಿತ್ತು. ಇನ್ನೊಂದರ ವಿಷಯ ಚಿಟಿಕೆಗೆ ಮಾತಾಡಲು ಇಷ್ಟವಿರಲಿಲ್ಲ. ನಾಲ್ಕು ವರ್ಷದವಳಿದ್ದಾಗ ಕಂಪ್ಯೂಟರಿಗೆ ಹಸಿವಾಗಿದೆ ಎಂದುಕೊಂಡು ಅದಕ್ಕೆ ಆಟದ ಮಣ್ಣು ತಿನ್ನಿಸಿದ್ದಳು. ತುಂಬ ಪ್ರೀತಿಯಿಂದ, ಕಡ್ಡಿಯಲ್ಲಿ ಒತ್ತಿ ಒತ್ತಿ.

"ಎರಡು ಕಂಪ್ಯೂಟರಿಗೂ ನೇರ ಕೇಬಲ್ ಹಾಕಬಹುದು, ನಮ್ಮ ಮಿಸ್ ಹೇಳಿದ್ರು," ಎಂದು ಅಕ್ಕ ಹುರುಪಿನಿಂದ ಬಿಸಿಲಲ್ಲಿ ನಡೆದು ಹೋಗಿ ಕೇಬಲ್ ತಂದಿದ್ದಳು. ಈಗ ಗಂಟೆ ಎರಡೂ ಮುಕ್ಕಾಲು. ದೀಪ ಮಾತ್ರ ಹತ್ತುತ್ತಿಲ್ಲ.

"ಅಕ್ಕಾ, ಆ ಕಡೆ ಸಿಕ್ಕಿಸುವಾಗ 'ಟಕ್' ಅಂತು, ಅಲ್ವಾ?"

"ಹೂಂ."

"ಇಲ್ಲಿ ಅನ್ನಲೇ ಇಲ್ಲ."

ಚಿಟಿಕೆ ಕೇಬಲ್ಲನ್ನು ಹೊರಗೆಳೆದು ತುದಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಅದಕ್ಕೊಂದು ಪುಟ್ಟ ಪ್ಲಾಸ್ಟಿಕ್ ನಾಲಿಗೆ ಇರಬೇಕಿತ್ತು. ಮುರಿದಿತ್ತು. ಬಾಗಿಲ ಸಂದಿಯಲ್ಲಿ ಎಳೆಯುವಾಗ ಸಿಕ್ಕಿ ಮುರಿದಿರಬೇಕು. ನಾಲಿಗೆ ಇಲ್ಲದ ತುದಿ ಕಿಂಡಿಯೊಳಗೆ ಗಟ್ಟಿಯಾಗಿ ಕೂರದೆ, ಒಂದು ಕೂದಲೆಳೆಯಷ್ಟು ಹಿಂದೆ ಜಾರುತ್ತಿತ್ತು.

ಅವಳು ಜೇಬು ತಡಕಿದಳು. ಒಂದು ಬಸ್ ಟಿಕೆಟ್ ಸಿಕ್ಕಿತು. ಅದನ್ನು ನಾಲ್ಕು ಮಡಿಕೆ ಮಾಡಿ, ಕೇಬಲ್ಲಿನ ಮೇಲೆ ಬೆಣೆಯ ಹಾಗೆ ಇಟ್ಟು, ಎರಡನ್ನೂ ಸೇರಿಸಿ ಒಳಗೆ ಒತ್ತಿದಳು.

ಹಸಿರು! ಸಾಸಿವೆ ಕಾಳು ಪಿಳಿ ಪಿಳಿ ಎಂದಿತು.

"ಬಂತು! ಅಕ್ಕಾ, ಆನೆಗೆ ಟಿಕೆಟ್ ಸಿಕ್ತು!"

"ಶ್! ಅಮ್ಮ!" ಎಂದ ಅಕ್ಕನೂ ನಗುತ್ತಿದ್ದಳು. ಅವಳು ಜೇಬಿನಿಂದ ಒಂದು ರಟ್ಟಿನ ತುಂಡು ತೆಗೆದಳು. ಕೇಬಲ್ ಅಂಗಡಿಯ ದಪ್ಪ ಕನ್ನಡಕದ ಮಾಮ ಬರೆದುಕೊಟ್ಟದ್ದು. 'ಎರಡು ಕಂಪ್ಯೂಟರಿಗೂ ಅಡ್ರೆಸ್ ಕೊಡಬೇಕು. 192.168.0 ತನಕ ಎರಡಕ್ಕೂ ಒಂದೇ. ಕೊನೆಯ ನಂಬರ್ ಒಂದಕ್ಕೆ 1, ಇನ್ನೊಂದಕ್ಕೆ 2.'

"ಒಂದೇ ಬೀದಿ, ಬೇರೆ ಬೇರೆ ಮನೆ. ಹಂಗೆ," ಎಂದಳು ಅಕ್ಕ. "ನಾನು ಒಂದು, ನೀನು ಎರಡು."

"ಯಾಕೆ?"

"ಯಾಕೆ ಅಂದ್ರೆ? ಕೇಬಲ್ ತಂದಿದ್ದು ಯಾರು?"

"ದೀಪ ಹತ್ತಿಸಿದ್ದು ಯಾರು? ಅದೂ ಅಲ್ದೆ ಈ ಕಂಪ್ಯೂಟರ್ ಮನೆಗೆ ಮೊದಲು ಬಂದಿದ್ದು. ಇದೇ ಒಂದು."

"ಮನೆಗೆ ಮೊದಲು ಬಂದಿದ್ದು ಅಂದ್ರೆ ನಾನೂ ಮೊದಲೇ ಬಂದಿದ್ದು. ಹಂಗಾದ್ರೂ ನಾನೇ ಒಂದು."

"ಯಾವಾಗ್ಲೂ ನೀನೇ! ಸ್ನಾನಕ್ಕೆ ನೀನು ಒಂದು, ಕಿಟಕಿ ಸೀಟಿಗೆ ನೀನು ಒಂದು, ಹೊಸ ಬ್ಯಾಗಿಗೆ ನೀನು ಒಂದು. ನಂಗೆ ಬರೋದೆಲ್ಲ ನೀನು ಬಿಟ್ಟಿದ್ದು."

"ಕಿಂಡಿಗೆ ಮಣ್ಣು ತುಂಬೋದ್ರಲ್ಲಿ ಮಾತ್ರ ನೀನೇ ಒಂದು, ಬಿಡು."

ಚಿಟಿಕೆಯ ಕಿವಿ ಬಿಸಿಯಾಯಿತು. ಅದನ್ನು ಹೇಳಬಾರದಿತ್ತು. ಅಕ್ಕನಿಗೂ ಅದು ಗೊತ್ತಾದ ಹಾಗಿತ್ತು. ಆದರೆ ಬಾಯಿಂದ ಹೊರಬಿದ್ದ ಮಾತನ್ನು ಕೇಬಲ್ ಎಳೆದ ಹಾಗೆ ಹಿಂದಕ್ಕೆ ಎಳೆಯಲಾಗುತ್ತದಾ? ಅಕ್ಕ ಗಿರಕ್ಕನೆ ತಿರುಗಿ ಮುಂದಿನ ಕೋಣೆಗೆ ಹೊರಟುಹೋದಳು.

ಚಿಟಿಕೆ ಕುರ್ಚಿ ಹತ್ತಿ ಕೂತು ಅಡ್ರೆಸ್ ಬರೆಯುವ ಜಾಗದ ಕೊನೆಯ ಚೌಕದಲ್ಲಿ ಟೈಪ್ ಮಾಡಿದಳು: 1.

ಪರದೆಯ ಮೂಲೆಯಲ್ಲಿ ಒಂದು ಹಳದಿ ಚೀಟಿ ಮೇಲೆದ್ದಿತು. ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಬರೆದಿತ್ತು. 'ಅಡ್ರೆಸ್' ಎನ್ನುವ ಪದ ಅವಳಿಗೆ ಓದಲು ಬಂತು. ಅದರ ಪಕ್ಕದ 'ಕಾನ್‌ಫ್ಲಿಕ್ಟ್' ಪದವನ್ನು ಕೂಡಿಸಿ ಕೂಡಿಸಿ ಓದಿದಳು. ಹೋದ ವಾರ ಪಾಠದಲ್ಲಿ ಬಂದಿತ್ತು. ಹಾಗೆಂದರೆ ಜಗಳ.

ಅಯ್ಯೋ, ಇದಕ್ಕೂ ಗೊತ್ತಾಗಿಹೋಯಿತಾ?

ಆಮೇಲೆ ಅರ್ಥವಾಯಿತು. ಅಕ್ಕನೂ ಅಲ್ಲಿ ಒಂದನ್ನೇ ಹಾಕಿದ್ದಾಳೆ. ಎರಡು ಮನೆಗೂ ಒಂದೇ ನಂಬರು. ಹಾಗಾದರೆ ಪೋಸ್ಟ್‌ಮ್ಯಾನ್ ಪಾಪ ಎಲ್ಲಿಗೆ ಹೋಗಬೇಕು?

ಬಾಯಿ ಒಣಗಿತ್ತು. ನೀರು ಕುಡಿಯೋಣವೆಂದು ಪಡಸಾಲೆಗೆ ಬಂದಳು. ಎದುರಿನಿಂದ ಅಕ್ಕನೂ ಬರುತ್ತಿದ್ದಳು. ಅವಳಿಗೂ ಬಾಯಾರಿಕೆಯೇ ಇರಬೇಕು. ಚಿಟಿಕೆ ದಾರಿ ಬಿಡಲು ಗೋಡೆ ಕಡೆಗೆ ಸರಿದಳು, ಅಕ್ಕನೂ ಅದೇ ಕಡೆಗೆ ಸರಿದಳು. ಚಿಟಿಕೆ ಈಚೆಗೆ ಬಂದಳು, ಅಕ್ಕನೂ ಈಚೆಗೆ. ಮತ್ತೆ ಆಚೆ, ಮತ್ತೆ ಈಚೆ. ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಇವತ್ತು ಇಬ್ಬರೂ ನಗಲಿಲ್ಲ. ಭುಜಕ್ಕೆ ಭುಜ ಉಜ್ಜಿಕೊಂಡು ದಾಟಿಹೋದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ ಅಜ್ಜಿ ಇದನ್ನೆಲ್ಲ ಕನ್ನಡಕದ ಮೇಲಿಂದ ನೋಡಿದಳು.

ನೀರು ಕುಡಿದು ಬರುವಾಗ ಬಾಗಿಲ ಬಳಿ ಬಿಟ್ಟಿದ್ದ ಅಕ್ಕನ ಚಪ್ಪಲಿ ಕಣ್ಣಿಗೆ ಬಿತ್ತು. ಒಂದರ ಬಾರು ಕಿತ್ತುಹೋಗಿತ್ತು. ಅಂದರೆ ಅಂಗಡಿಯಿಂದ ಬರುವಾಗ ಒಂದು ಕಾಲು ಬರಿಗಾಲು. ಆ ಬಿಸಿಲಲ್ಲಿ, ಆ ಟಾರ್ ರಸ್ತೆಯ ಮೇಲೆ. ಅಕ್ಕ ಅದನ್ನು ಹೇಳಿಯೇ ಇರಲಿಲ್ಲ.

ಚಿಟಿಕೆ ಹಿಂದಿನ ಕೋಣೆಗೆ ಬಂದು ಒಂದನ್ನು ಅಳಿಸಿದಳು. ಆಮೇಲೆ 2 ಎಂದು ಒತ್ತಿದಳು. ಏನೋ ದೊಡ್ಡ ತ್ಯಾಗ ಮಾಡಿದ ರಾಣಿಯ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡಳು.

ಹಳದಿ ಚೀಟಿ ಮತ್ತೆ ಎದ್ದಿತು. ಕಾನ್‌ಫ್ಲಿಕ್ಟ್.

ಚಿಟಿಕೆಗೆ ನಂಬಲಾಗಲಿಲ್ಲ. ನಾನು ಎರಡಕ್ಕೆ ಬಂದರೆ ಇವಳೂ ಎರಡಕ್ಕೆ ಬಂದಳಾ? ಬೇಕೂಂತಲೇ! ನನ್ನನ್ನು ಅಣಕಿಸೋಕೆ! ಹಲ್ಲು ಕಚ್ಚಿ ಎರಡನ್ನು ಅಳಿಸಿ ಮತ್ತೆ ಒಂದು ಹಾಕಿದಳು. ಕುಟ್ಟಿದ ಜೋರಿಗೆ ಕೀಲಿ ಚಟ್ಟೆಂದಿತು.

ಹಳದಿ ಚೀಟಿ. ಕಾನ್‌ಫ್ಲಿಕ್ಟ್.

ಗೋಡೆ ಗಡಿಯಾರದಲ್ಲಿ ಮೂರೂ ಮುಕ್ಕಾಲು. ಐದು ಗಂಟೆಗೆ ಮೆಕ್ಯಾನಿಕ್ ಬರುತ್ತಾನೆ. ಕಂಪ್ಯೂಟರ್ ಬಿಚ್ಚುತ್ತಾನೆ. ಪೇಪರ್ ಅಗಲಿಸಿಕೊಂಡ ಆನೆ ಹಾಗೇ ಕೂತಲ್ಲೇ ಮಾಯವಾಗುತ್ತದೆ. ಅಜ್ಜಿಯ ದನಿಯೂ ಅದರ ಜೊತೆಗೆ. ಹಸಿರು ದೀಪ ಪಿಳಿ ಪಿಳಿ ಎನ್ನುತ್ತಲೇ ಇತ್ತು. ದಾರಿ ಇದೆ, ಗಾಡಿ ಇದೆ, ಆದರೂ ಏನೂ ಹೋಗುತ್ತಿಲ್ಲ, ಏನೂ ಬರುತ್ತಿಲ್ಲ. ಚಿಟಿಕೆಯ ಕಣ್ಣಲ್ಲಿ ಪರದೆ ಮಸುಕಾಯಿತು.

ಆಗ ಚಮಚದ ಸದ್ದು ಕೇಳಿಸಿತು. ಟಿಣ್. ಟಿಣ್. ಟಿಣ್.

ಮೂರು ಬಡಿತ. ಎಲ್ಲರೂ ಬರಬೇಕು.

ಅಜ್ಜಿ ಕುರ್ಚಿಯ ಎರಡೂ ಕೈಗಳನ್ನು ತಟ್ಟಿ ತೋರಿಸಿದಳು. ಚಿಟಿಕೆ ಒಂದು ಕಡೆ, ಅಕ್ಕ ಇನ್ನೊಂದು ಕಡೆ ಕೂತರು. ಅಜ್ಜಿಯ ಮಾತು ಕೇಳಬೇಕಾದರೆ ಕಿವಿಯನ್ನು ಅವಳ ಬಾಯಿಯ ಹತ್ತಿರ ತರಲೇಬೇಕು. ಹಾಗೆ ತಂದಾಗ ಇಬ್ಬರ ತಲೆಯೂ ಒಂದಕ್ಕೊಂದು ತಾಗಿತು.

"ಏನಾಯ್ತು?" ಎಂದಳು ಅಜ್ಜಿ.

"ಇವಳು ನನ್ನ ನಂಬರೇ ಹಾಕ್ತಾಳೆ!" ಇಬ್ಬರೂ ಒಟ್ಟಿಗೆ ಪಿಸುಗುಟ್ಟಿದರು.

"ನಾನು ಇವಳಿಗೇ ಬಿಟ್ಟುಕೊಟ್ಟು ಎರಡು ಹಾಕಿದೆ, ಗೊತ್ತಾ?" ಎಂದಳು ಚಿಟಿಕೆ.

ಅಕ್ಕ ತಲೆ ಎತ್ತಿದಳು. "ನೀನಾ? ನಾನು ಬಿಟ್ಟುಕೊಟ್ಟು ಎರಡು ಹಾಕಿದ್ದು! ಮಣ್ಣಿನ ಮಾತು ಆಡಬಾರದಿತ್ತು ಅಂತ..."

"ಮತ್ತೆ ಒಂದು ಯಾಕೆ ಹಾಕಿದೆ?"

"ನೀನು ಅಣಕಿಸ್ತಿದೀಯ ಅಂದ್ಕೊಂಡೆ."

ಅಜ್ಜಿಯ ಭುಜ ಕುಲುಕತೊಡಗಿತು. ಆಪರೇಷನ್ ಆದ ಮೇಲೆ ಅಜ್ಜಿಯ ನಗು ಹೀಗೇ, ಸದ್ದಿಲ್ಲದ್ದು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು ಶುರು ಮಾಡಿದಳು.

"ನಮ್ಮ ಸ್ಟೇಷನ್ನಿನಲ್ಲಿ ಒಬ್ಬ ಸ್ಟೇಷನ್ ಮಾಸ್ಟರ್ ಇದ್ದ. ಅವನು ಪ್ಲಾಟ್‌ಫಾರಮ್ಮಿನ ಬೋರ್ಡು ಬದಲಾಯಿಸಬೇಕು, ನಾನು ಮೈಕಿನಲ್ಲಿ ಹೇಳಬೇಕು. ಒಂದು ಪದ್ಧತಿ ಇತ್ತು. ಅವನು 'ಎರಡು' ಅನ್ನಬೇಕು. ನಾನು 'ಎರಡು' ಅನ್ನಬೇಕು. ಅವನು 'ಹೌದು, ಎರಡು' ಅನ್ನಬೇಕು. ಆಮೇಲೇನೇ ಮೈಕು. ಒಂದು ದಿನ ನಮ್ಮಿಬ್ಬರಿಗೂ ಜಗಳ."

"ಯಾಕೆ?"

"ಛತ್ರಿ. ನನ್ನ ಛತ್ರಿ ತಗೊಂಡು ಹೋಗಿ ಕಡ್ಡಿ ಮುರಿದು ತಂದಿಟ್ಟಿದ್ದ. ಮಾತು ಬಿಟ್ವಿ. ಹನ್ನೊಂದರ ಗಾಡಿ ಬಂತು. ಅವನು ಬೋರ್ಡಿನಲ್ಲಿ ಎರಡು ಅಂತ ಹಾಕಿದ. ನಾನು ಮೈಕಿನಲ್ಲಿ ಮೂರು ಅಂದೆ. ಜನ ಗಾಬರಿಯಾದ್ರು. ಪಾಪ, ತಪ್ಪಾಯ್ತಲ್ಲ ಅಂತ ನಾನು ಮೈಕಿನಲ್ಲಿ ಎರಡು ಅಂತ ತಿದ್ದಿದೆ. ಅಷ್ಟರಲ್ಲಿ ಅವನೂ ಪಾಪ ಅಂದ್ಕೊಂಡು ಬೋರ್ಡನ್ನ ಮೂರು ಮಾಡಿಬಿಟ್ಟಿದ್ದ."

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

"ಐನೂರು ಜನ ಸೇತುವೆ ಹತ್ತಿದ್ರು, ಇಳಿದ್ರು. ಮತ್ತೆ ಹತ್ತಿದ್ರು. ಒಬ್ಬ ಹೊಲಿಗೆ ಮೆಷಿನ್ ಹೊತ್ಕೊಂಡಿದ್ದ. ಮೂರನೇ ಸಲ ಹತ್ತಿ ಇಳಿದವನು ಸೀದಾ ನನ್ನ ಕಿಟಕಿ ಮುಂದೆ ಮೆಷಿನ್ ಇಟ್ಟು, ಅದರ ಮೇಲೆ ಕೂತು ಹೇಳಿದ: 'ಅಮ್ಮಾ, ನೀವಿಬ್ಬರೂ ಒಂದ್ಸಲ ಮಾತಾಡ್ಕೊಳ್ಳಿ. ನಾನು ಕಾಯ್ತೀನಿ.'"

ಮೂವರೂ ನಕ್ಕರು. ಅಮ್ಮ ಏಳದ ಹಾಗೆ ನಗಬೇಕಾದ್ದರಿಂದ ಹೊಟ್ಟೆ ನೋಯುವಷ್ಟು ನಕ್ಕರು.

"ಹಂಗಾದ್ರೆ ಅಕ್ಕಾ, ನೀನು ಒಂದು ಇಟ್ಕೋ," ಎಂದಳು ಚಿಟಿಕೆ.

"ಬೇಡ, ನೀನಿಟ್ಕೋ."

"ಬೇಡ ಬೇಡ, ನೀನೇ..."

ಟಿಣ್ ಎಂದು ಲೋಟ ಸದ್ದು ಮಾಡಿತು. "ಈ ಜಗಳ ಆ ಜಗಳಕ್ಕಿಂತ ಉದ್ದ ಆಗೋ ಹಾಗಿದೆ," ಎಂದಳು ಅಜ್ಜಿ. "ಹಿಂದಿನ ಕೋಣೆ ಒಂದನೇ ಪ್ಲಾಟ್‌ಫಾರಂ. ಮುಂದಿನದು ಎರಡು. ಹೇಳಿ."

"ನಾನು ಒಂದು," ಎಂದಳು ಚಿಟಿಕೆ.

"ನೀನು ಒಂದು," ಎಂದಳು ಅಕ್ಕ.

"ಹೌದು, ಒಂದು. ನೀನು?"

"ನಾನು ಎರಡು."

"ನೀನು ಎರಡು."

"ಹೌದು, ಎರಡು."

ಇಬ್ಬರೂ ತಂತಮ್ಮ ಕೋಣೆಗೆ ಓಡಿದರು, ತುದಿಗಾಲಿನಲ್ಲಿ. ಕೊನೆಯ ಚೌಕದಲ್ಲಿ ಒಂದು ಆಗಲೇ ಇತ್ತು. ಆದರೂ ಚಿಟಿಕೆ ಅದನ್ನು ಅಳಿಸಿ, ಹೊಸದಾಗಿ 1 ಎಂದು ಬರೆದಳು. ಇಷ್ಟು ಹೊತ್ತು ಬೇಕು ಬೇಕು ಎಂದು ಹಟ ಹಿಡಿದ ಒಂದು ಇದೇನಾ? ಒಂದು ಸಣ್ಣ ಕಡ್ಡಿ ನಿಲ್ಲಿಸಿದ ಹಾಗಿತ್ತು, ಅಷ್ಟೇ.

ಹಳದಿ ಚೀಟಿ ಬರಲಿಲ್ಲ. ಅವಳು ಹತ್ತರ ತನಕ ಎಣಿಸಿದಳು. ಇಲ್ಲ, ಬರಲಿಲ್ಲ. 'ಅಜ್ಜಿ ಕತೆ' ಫೋಲ್ಡರನ್ನು ಒತ್ತಿ, ಹಂಚಿಕೊಳ್ಳಲು ಒಪ್ಪಿಗೆ ಕೊಡುವ ಚೌಕಕ್ಕೆ ರೈಟ್ ಗುರುತು ಹಾಕಿ, ಉಸಿರು ಹಿಡಿದು ಕಾದಳು.

ಪಡಸಾಲೆಯಲ್ಲಿ ಒಂದು ಜೋಡಿ ಕಾಲು ಓಡಿ ಬಂತು. ಅಕ್ಕನ ಮುಖ ಬಾಗಿಲಲ್ಲಿ ಕಾಣಿಸಿತು. ಕಣ್ಣು ಎರಡು ಲಾಟೀನು.

"ಕಾಣಿಸ್ತಿದೆ! ಮೂವತ್ತೆಂಟೂ ಕಾಣಿಸ್ತಿದೆ! ಕಾಪಿ ಶುರುವಾಯ್ತು. ನಲವತ್ತೊಂದು ನಿಮಿಷ ಅಂತ ತೋರಿಸ್ತಿದೆ. ಆ ಪ್ಲಗ್ ಸಡಿಲ ಇದೆ, ಯಾರೂ ಮುಟ್ಟಬಾರದು, ನೀನು ಇಲ್ಲೇ ಕಾವಲು ಇರು."

"ಇಲ್ಲೇ ಕಾವಲು ಇರ್ತೀನಿ."

"ಹೌದು, ಇರು."

ಆಗ ಗಂಟೆ ನಾಲ್ಕೂಕಾಲು. ಚಿಟಿಕೆ ಕಾವಲು ಕೂತಳು. ಕಿಂಡಿಯ ಪಕ್ಕದ ಸಾಸಿವೆ ಕಾಳು ಈಗ ಹುಚ್ಚು ಹಿಡಿದ ಹಾಗೆ ಮಿಟುಕುತ್ತಿತ್ತು. ಈ ನೀಲಿ ದಾರದೊಳಗೆ ಈಗ ಯಾವ ಕತೆ ಹೋಗುತ್ತಿರಬಹುದು? ಆನೆ ಇದರೊಳಗೆ ಹೇಗೆ ತೂರುತ್ತದೆ? ಸೊಂಡಿಲು ಮೊದಲಾ, ಬಾಲ ಮೊದಲಾ? ಅಮ್ಮನ ಬಾಗಿಲ ಮುಂದೆ ಹೋಗುವಾಗ ಅದೂ ತುದಿಗಾಲಿನಲ್ಲಿ ನಡೆಯುತ್ತದಾ?

ಅಮ್ಮ ಎದ್ದಳು. ಅವಳ ಹಿಂದೆಯೇ, ಐದಕ್ಕೆ ಇನ್ನೂ ಹದಿನೈದು ನಿಮಿಷ ಇರುವಾಗಲೇ, ಬಾಗಿಲು ಬಡಿದ ಸದ್ದು. ಮೆಕ್ಯಾನಿಕ್!

ಚಿಟಿಕೆ ಎರಡೂ ಕೈ ಅಗಲಿಸಿ ಪ್ಲಗ್ಗಿನ ಮುಂದೆ ನಿಂತುಬಿಟ್ಟಳು. ಆದರೆ ಮೆಕ್ಯಾನಿಕ್ ಒಳಗೆ ಬರಲೇ ಇಲ್ಲ. ಇಣುಕಿ ನೋಡಿದರೆ, ಅಜ್ಜಿ ಅವನನ್ನು ಕುರ್ಚಿಯ ಪಕ್ಕ ನಿಲ್ಲಿಸಿಕೊಂಡು ಏನೋ ಕೇಳುತ್ತಿದ್ದಳು. ಅವನು ಸೊಂಟ ಬಗ್ಗಿಸಿ ಕಿವಿ ಕೊಟ್ಟು, ತಾನೂ ಪಿಸುಗುಡುತ್ತಿದ್ದ. ಅಜ್ಜಿಯ ಜೊತೆ ಮಾತಾಡುವವರೆಲ್ಲ ಹೀಗೇ. ತಮ್ಮ ದನಿಗೆ ಏನೂ ಆಗಿಲ್ಲ ಎನ್ನುವುದನ್ನು ಮರೆತೇಬಿಡುತ್ತಾರೆ.

"ತೂಕ ಎಷ್ಟಿರತ್ತೆ?" ಪಿಸುಗುಟ್ಟಿದಳು ಅಜ್ಜಿ.

"ಹತ್ತು ಕೆಜಿ ಇರಬಹುದಮ್ಮಾ," ಪಿಸುಗುಟ್ಟಿದ ಮೆಕ್ಯಾನಿಕ್.

"ಬಿಚ್ಚಿದ್ರೆ ಎಷ್ಟು ತುಂಡು?"

"ಇದೇನು, ಯಾರು ಮಲಗಿದಾರೆ?" ಎಂದು ಎದ್ದುಬಂದ ಅಮ್ಮನೂ ಪಿಸುಗುಟ್ಟಿದಳು.

ಅಷ್ಟರಲ್ಲಿ ಮುಂದಿನ ಕೋಣೆಯಿಂದ 'ಟಿಂಗ್' ಎಂದಿತು. ಆ ಮನೆಯಲ್ಲಿ ಆ ಮಧ್ಯಾಹ್ನ ಮೊದಲ ಸಲ ಯಾರೋ ಜೋರಾಗಿ ಕೂಗಿದರು. ಕೂಗಿದವಳು ಅಕ್ಕ. "ಬಂತೂ!"

ಮೆಕ್ಯಾನಿಕ್ ಹಳೇ ಕಂಪ್ಯೂಟರನ್ನು ಎತ್ತಿಕೊಂಡು ಬಾಗಿಲ ಹೊಸ್ತಿಲಿಗೆ ಬರುವ ಹೊತ್ತಿಗೆ ಅಕ್ಕ ಇಪ್ಪತ್ತೊಂದನೇ ಫೈಲನ್ನು ಒತ್ತಿದ್ದಳು. ಸ್ಪೀಕರಿನಿಂದ ಒಂದು ದನಿ ಬಂತು. ಗಂಟೆ ಬಾರಿಸಿದಂಥ, ಕೋಣೆಯ ಮೂಲೆ ಮೂಲೆಗೂ ಹೋಗಿ ಮುಟ್ಟುವ ದನಿ.

"ಪ್ರಯಾಣಿಕರ ಗಮನಕ್ಕೆ! ಟಿಕೆಟ್ ಇಲ್ಲದ ಆನೆ ಈಗ ಮೂರನೇ ಡಬ್ಬಿಯನ್ನು ಹತ್ತಿದೆ. ಕಿಟಕಿಯ ಪಕ್ಕ ಕೂತವರು ದಯವಿಟ್ಟು ಸ್ವಲ್ಪ ಸರಿಯಿರಿ..."

ಮೆಕ್ಯಾನಿಕ್ ನಿಂತಲ್ಲೇ ನಿಂತ. "ಅಯ್ಯೋ, ಇದು ನಮ್ಮ ಸ್ಟೇಷನ್ ಅಮ್ಮನ ದನಿ!" ಎಂದವನು ಅಜ್ಜಿಯ ಕಡೆ ತಿರುಗಿ ನೋಡಿದ. ಅಜ್ಜಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ತನ್ನದೇ ದನಿಗೆ ತಲೆದೂಗುತ್ತಿದ್ದಳು, ತುಂಬ ದಿನದ ಮೇಲೆ ಬಂದ ಗೆಳತಿಯ ಮಾತು ಕೇಳುವ ಹಾಗೆ.

ಕತೆ ಸಾಗಿತು. ಆನೆ ಸೀಟಿನ ಮೇಲೆ ಕೂತಿತು, ಸೀಟು ಅಯ್ಯೋ ಎಂದಿತು. ಟಿಕೆಟ್ ಮಾಮ ಬಂದ. ಆನೆ ನ್ಯೂಸ್‌ಪೇಪರ್ ಅಗಲಿಸಿ ಮುಖ ಮುಚ್ಚಿಕೊಂಡಿತು. ಮಾಮ ಹತ್ತಿರ ಬಂದ. ಇನ್ನೂ ಹತ್ತಿರ ಬಂದ. ಪೇಪರಿನ ಮುಂದೆ ನಿಂತ.

ಅಕ್ಕನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಚಿಟಿಕೆ ಸ್ಪೀಕರಿನ ಕಡೆಗೆ ಬಾಗಿದಳು.

"ಅಜ್ಜೀ, ಅಜ್ಜೀ, ನಿಲ್ಸು," ಎಂದಿತು ಸ್ಪೀಕರಿನಲ್ಲಿ ಒಂದು ಪುಟ್ಟ ದನಿ. ಏಳು ವರ್ಷದ ಅಕ್ಕನ ದನಿ. "ಚಿಟಿಕೆ ನಿದ್ದೆ ಮಾಡಿಬಿಟ್ಳು."

"ನೀನು ಎದ್ದಿದೀಯಲ್ಲ, ನೀನು ಕೇಳು," ಎಂದಿತು ಅಜ್ಜಿಯ ದೊಡ್ಡ ದನಿ.

"ಬೇಡ. ಅವಳಿಗೆ ಗೊತ್ತಿಲ್ದೇ ಇದ್ರೆ ನಂಗೂ ಬೇಡ. ನಾಳೆ ಇಬ್ರಿಗೂ ಹೇಳು."

ಕಟ್ ಎಂದು ಸದ್ದಾಯಿತು. ಆಮೇಲೆ ಏನೂ ಇಲ್ಲ.

ಅಕ್ಕ ಮುಂದಿನ ಫೈಲು ತೆಗೆದಳು. ಅದು ಕಪ್ಪೆಯ ಕತೆ. ಅದರ ಮುಂದಿನದು ಗಡಿಯಾರದ ಕತೆ. ಆನೆ ಮತ್ತೆ ಎಲ್ಲೂ ಬರಲಿಲ್ಲ. ಮರುದಿನ ಎಲ್ಲರೂ ಮರೆತುಬಿಟ್ಟಿರಬೇಕು.

"ಛೆ, ಇದಕ್ಕೆ ಕೊನೇನೇ ಇಲ್ಲ," ಎಂದಳು ಅಕ್ಕ. "ಇಷ್ಟೆಲ್ಲ ಮಾಡಿ..."

ಚಿಟಿಕೆ ಅಕ್ಕನನ್ನೇ ನೋಡುತ್ತಿದ್ದಳು. ಅಕ್ಕನಿಗೆ ಕತೆಯ ಕೊನೆ ಯಾಕೆ ನೆನಪಿಲ್ಲ ಎಂದು ಎಷ್ಟು ಸಲ ರೇಗಿಸಿದ್ದಳು! ಅಕ್ಕನ ಬಲಗಾಲಿನ ಹಿಮ್ಮಡಿ ಇನ್ನೂ ಕೆಂಪಗಿತ್ತು. ಅಕ್ಕ ಅದನ್ನು ಎಡಗಾಲಿನ ಹಿಂದೆ ಮರೆಮಾಡಿಕೊಂಡು ನಿಂತಿದ್ದಳು.

ಚಿಟಿಕೆ ಎದ್ದಳು. ತಾನು ಕೂತಿದ್ದ ಸ್ಟೂಲನ್ನು ಅಕ್ಕನ ಕಡೆಗೆ ತಳ್ಳಿದಳು. ಆಮೇಲೆ ಪಡಸಾಲೆಗೆ ಹೋಗಿ ಅಜ್ಜಿಯ ಕೈ ಹಿಡಿದು ಕರೆತಂದಳು, ಅವಳನ್ನು ಹೊಸ ಕಂಪ್ಯೂಟರಿನ ಮೈಕಿನ ಹತ್ತಿರದ ಕುರ್ಚಿಯಲ್ಲಿ ಕೂರಿಸಿದಳು, ತಾನು ಅವಳ ಬಾಯಿಯ ಪಕ್ಕ ಕಿವಿಯಿಟ್ಟಳು.

"ಅಜ್ಜಿ, ನಾವಿಬ್ರೂ ಎದ್ದಿದೀವಿ. ಈಗ ಹೇಳು. ನೀನು ನನ್ನ ಕಿವಿಲಿ ಹೇಳು, ನಾನು ಜೋರಾಗಿ ಹೇಳ್ತೀನಿ. ಅಕ್ಕ ರೆಕಾರ್ಡ್ ಮಾಡ್ತಾಳೆ."

ಅಜ್ಜಿ ಸ್ವಲ್ಪ ಹೊತ್ತು ಚಾವಣಿ ನೋಡಿದಳು. ಏಳು ವರ್ಷದಿಂದ ಪೇಪರಿನ ಮುಂದೆ ನಿಂತೇ ಇದ್ದ ಟಿಕೆಟ್ ಮಾಮನನ್ನು ಹುಡುಕುತ್ತಿದ್ದಳೋ ಏನೋ. ಆಮೇಲೆ ಮುಖದಲ್ಲಿ ಒಂದು ತುಂಟ ನಗು ಮೂಡಿತು. ಸಿಕ್ಕಿದ.

ಅಕ್ಕ ಸ್ಟೂಲಿನ ಮೇಲೆ ಕೂತು ಕೆಂಪು ಗುಂಡಿಯ ಮೇಲೆ ಬೆರಳಿಟ್ಟಳು.

"ಶುರು ಮಾಡ್ಲಾ?"

"ಶುರು ಮಾಡು," ಎಂದಳು ಚಿಟಿಕೆ.

"ಮಾಡ್ತಿದೀನಿ."

"ಹೌದು, ಮಾಡು."